ಸಿಟಿ ಹಾಲ್ ಮುಂದೆ ಗೋದಲಿ ಇಡಬಹುದಾ? ಪರ್ಮಿಟ್ ಡೆಸ್ಕಿನಿಂದ ಒಂದಷ್ಟು ಮಾತು

ಅಮೆರಿಕದ ಒಂದು ಮಧ್ಯಮ ಗಾತ್ರದ ಊರಿನ ಪಾರ್ಕ್ ಇಲಾಖೆಯಲ್ಲಿ ನನ್ನ ಕೆಲಸ. ಸಿಟಿಯ ಜಾಗದಲ್ಲಿ ಯಾರು ಏನು ಮಾಡಬೇಕೆಂದರೂ ಪರ್ಮಿಟ್ ನನ್ನ ಡೆಸ್ಕ್ ದಾಟಿಯೇ ಹೋಗಬೇಕು. ಮದುವೆ ಫೋಟೊ, ಓಟದ ಸ್ಪರ್ಧೆ, ನಾಯಿಗಳ ಶೋ, ಎಲ್ಲಾ. ಆದರೆ ಜಾಸ್ತಿ ಫೋನ್ ಬರುವುದು ಡಿಸೆಂಬರ್ ಅಲಂಕಾರದ ಬಗ್ಗೆ. ಸಿಟಿ ಹಾಲ್ ಮುಂದಿನ ಹುಲ್ಲಿನ ಮೇಲೆ ಯಾರ ಗೋದಲಿ (ಯೇಸು ಹುಟ್ಟಿದ ದೃಶ್ಯದ ಬೊಂಬೆಗಳು), ಯಾರ ಮೆನೋರಾ (ಯಹೂದಿಗಳ ಹಬ್ಬದ ದೀಪಸ್ತಂಭ), ಯಾರ ಬೋರ್ಡು ಇರಬೇಕು ಅನ್ನುವ ಗಲಾಟೆ ಅದು.

ಹೊಸದಾಗಿ ಸೇರಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಧರ್ಮದ ವಸ್ತುಗಳಿಗೆ ನಾವು ಪರ್ಮಿಟ್ ಕೊಡಬಹುದಾ?" ಅಲ್ಲಿಂದ ಶುರು ಮಾಡಬೇಡಿ ಅಂತ ನಾನು ಹೇಳುತ್ತೇನೆ. ಮೊದಲು ಕೇಳಬೇಕಾದದ್ದು, ಇದನ್ನು ಇಡುತ್ತಿರುವುದು ಯಾರು? ಸಿಟಿಯೋ, ಜನರೋ? ಇಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಎರಡೂ ಕಡೆಯಿಂದ ಕೈ ಕಟ್ಟುತ್ತದೆ. ಸರ್ಕಾರ ಒಂದು ಧರ್ಮವನ್ನು ತನ್ನದು ಅಂತ ಎತ್ತಿ ಹಿಡಿಯುವ ಹಾಗಿಲ್ಲ. ಹಾಗಂತ ಜನರ ಮಾತನ್ನು, ಅದು ಧರ್ಮದ ಮಾತು ಅನ್ನುವ ಕಾರಣಕ್ಕೆ ತಡೆಯುವ ಹಾಗೂ ಇಲ್ಲ. ಒಂದೇ ಗೋದಲಿಯನ್ನು ಸಿಟಿ ಇಟ್ಟರೆ ಒಂದು ಲೆಕ್ಕ, ಚರ್ಚಿನವರು ಪರ್ಮಿಟ್ ತಗೊಂಡು ಇಟ್ಟರೆ ಇನ್ನೊಂದು ಲೆಕ್ಕ.

ಸಿಟಿಯೇ ಇಡುವ ಅಲಂಕಾರದ ಬಗ್ಗೆ ಎರಡು ಹಳೇ ತೀರ್ಪುಗಳನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ರೋಡ್ ಐಲ್ಯಾಂಡಿನ ಪಾಟಕೆಟ್ ಊರಿನವರು ಕ್ರಿಸ್‌ಮಸ್‌ಗೆ ಸಾಂತಾ, ಹಿಮಸಾರಂಗ, ಮರ, ಜೊತೆಗೊಂದು ಗೋದಲಿ ಇಡುತ್ತಿದ್ದರು. 1984ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದು ಸರಿ ಅಂದಿತು. ಐದು ವರ್ಷದ ನಂತರ ಪಿಟ್ಸ್‌ಬರ್ಗ್ ಕೇಸು ಬಂತು. ಅಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿನ ದೊಡ್ಡ ಮೆಟ್ಟಿಲ ಮೇಲೆ ಗೋದಲಿ ಒಂಟಿಯಾಗಿ ಕೂತಿತ್ತು, ಮೇಲೆ ದೇವರಿಗೆ ಮಹಿಮೆ ಅನ್ನುವ ಲ್ಯಾಟಿನ್ ಬರಹ. ಅದು ತಪ್ಪು ಅಂತಾಯಿತು. ಹತ್ತಿರದ ಇನ್ನೊಂದು ಸರ್ಕಾರಿ ಕಟ್ಟಡದ ಹೊರಗೆ 45 ಅಡಿ ಕ್ರಿಸ್‌ಮಸ್ ಮರ, ಪಕ್ಕದಲ್ಲಿ 18 ಅಡಿ ಮೆನೋರಾ, ಸ್ವಾತಂತ್ರ್ಯಕ್ಕೆ ನಮನ ಅನ್ನುವ ಒಂದು ಬೋರ್ಡು ಇದ್ದವು. ಅದು ಪರವಾಗಿಲ್ಲ ಅಂತಾಯಿತು. ಒಂದೇ ಊರು, ಒಂದೇ ತೀರ್ಪು, ಎರಡು ಉತ್ತರ.

ಇದಕ್ಕೆ ವಕೀಲರು ತಮಾಷೆಗೆ ಹಿಮಸಾರಂಗದ ರೂಲ್ ಅಂತ ಹೆಸರಿಟ್ಟರು. ಗೋದಲಿ ಇಡಬೇಕಾ, ಪಕ್ಕಕ್ಕೆ ಸಾಕಷ್ಟು ಪ್ಲಾಸ್ಟಿಕ್ ಪ್ರಾಣಿ ನಿಲ್ಲಿಸಿ ಅಂತ. ಕೇಳಲು ನಗು ಬರುತ್ತದೆ. ಆದರೆ ಟೇಪ್ ಹಿಡಿದು ಬಾಲಯೇಸುವಿನಿಂದ ಸಾಂತಾ ಎಷ್ಟು ಅಡಿ ದೂರ ಅಂತ ಅಳೆಯುವ ಪಾಡು ನಮ್ಮಂಥವರದು. 2022ರಲ್ಲಿ ಫುಟ್‌ಬಾಲ್ ಕೋಚ್ ಒಬ್ಬರ ಪ್ರಾರ್ಥನೆಯ ಕೇಸಿನಲ್ಲಿ ಕೋರ್ಟ್, ಸರ್ಕಾರ ಧರ್ಮದ ಪರ ನಿಂತಂತೆ ಕಾಣುತ್ತದಾ ಅಂತ ನೋಡುವ ಹಳೇ ಒರೆಗಲ್ಲನ್ನು ಬದಿಗಿಟ್ಟು, ಇತಿಹಾಸ, ಪರಂಪರೆ ನೋಡಿ ಅಂದಿದೆ. ನಮ್ಮ ಸಿಟಿ ವಕೀಲರು ಮಾತ್ರ ಈಗಲೂ ಸಿಟಿಯ ದುಡ್ಡಿನಲ್ಲಿ ಮರ ಮತ್ತು ದೀಪ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ನನಗೂ ಅದೇ ಹಿತ. ಅಳೆಯುವ ಕೆಲಸ ತಪ್ಪುತ್ತದಲ್ಲ.

ನಿಜವಾದ ಕೆಲಸ ಇರುವುದು ಜನರು ಇಡುವ ಅಲಂಕಾರದಲ್ಲಿ. ಇಲ್ಲಿ ನೆನಪಿಡಬೇಕಾದದ್ದು 1995ರ ತೀರ್ಪು. ಒಹಾಯೋ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ ಶಾಸನಸಭೆ ಕಟ್ಟಡದ ಸುತ್ತಲಿನ ಮೈದಾನ ಎಲ್ಲರಿಗೂ ತೆರೆದಿತ್ತು. ಡಿಸೆಂಬರ್‌ನಲ್ಲಿ ಅಲ್ಲೊಂದು ಶಿಲುಬೆ ನಿಲ್ಲಿಸುತ್ತೇವೆ ಅಂತ, ಬಿಳಿಯರೇ ಮೇಲು ಅನ್ನುವ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರು ಅರ್ಜಿ ಹಾಕಿದರು. ಅಧಿಕಾರಿಗಳು ಆಗಲ್ಲ ಅಂದರು. ಸುಪ್ರೀಂ ಕೋರ್ಟ್ 7-2ರಲ್ಲಿ ಕ್ಲಾನ್ ಪರ ನಿಂತಿತು. ಬಾಗಿಲು ಎಲ್ಲರಿಗೂ ತೆರೆದ ಮೇಲೆ, ಬಂದವರ ಮುಖ ನೋಡಿ ಮುಚ್ಚುವ ಹಾಗಿಲ್ಲ.

ಈ ತತ್ವ ಒಪ್ಪಿಕೊಂಡರೆ ಏನೇನು ಬರುತ್ತದೆ ಗೊತ್ತಾ? ಫ್ಲಾರಿಡಾ ರಾಜಧಾನಿಯ ಸರ್ಕಾರಿ ಕಟ್ಟಡದಲ್ಲಿ 2013ರಲ್ಲಿ ಒಂದು ಖಾಸಗಿ ಗುಂಪು ಗೋದಲಿ ಇಟ್ಟಿತು. ಅದರ ಹಿಂದೆಯೇ ಖಾಲಿ ಬಿಯರ್ ಡಬ್ಬಿ ಜೋಡಿಸಿ ಮಾಡಿದ ಕಂಬ ಬಂತು. ಅಯೋವಾ ರಾಜ್ಯದ ಕಟ್ಟಡದಲ್ಲಿ 2023ರಲ್ಲಿ ಸೈತಾನನ ಹೆಸರಿನ ಸಂಘಟನೆಯೊಂದು ಕೊಂಬಿನ ತಲೆಯ ಪ್ರತಿಮೆ ಇಟ್ಟಿತು. ಒಬ್ಬ ಬಂದು ಅದರ ತಲೆ ಕಿತ್ತು, ಪೊಲೀಸ್ ಕೇಸಾಯಿತು. ಇಂಥ ಅರ್ಜಿ ಬಂದ ದಿನ ಮೇಲಿನವರು ಫೋನ್ ಮಾಡಿ, "ಇದಕ್ಕೇನಾದ್ರೂ ಒಂದು ಕಾರಣ ಹುಡುಕಿ" ಅನ್ನುತ್ತಾರೆ. ಆ ಹೊತ್ತಿಗೆ ಹುಡುಕಿದ ಕಾರಣ ಕೋರ್ಟಿನಲ್ಲಿ ನಿಲ್ಲಲ್ಲ. ಕಾರಣ ಮೊದಲೇ ಕಾಗದದ ಮೇಲೆ ಇರಬೇಕು.

ಇದಕ್ಕೆ ಬೋಸ್ಟನ್‌ಗಿಂತ ಒಳ್ಳೇ ಪಾಠ ಇಲ್ಲ. ಅಲ್ಲಿನ ಸಿಟಿ ಹಾಲ್ ಮುಂದೆ ಮೂರು ಧ್ವಜಸ್ತಂಭಗಳಿವೆ. ಮೂರನೆಯದರಲ್ಲಿ ಇರುವುದು ಊರಿನ ಬಾವುಟ. ಯಾವುದಾದರೂ ಸಂಘದವರು ಕಾರ್ಯಕ್ರಮ ಮಾಡಿದರೆ ಅದನ್ನು ಇಳಿಸಿ, ಸ್ವಲ್ಪ ಹೊತ್ತು ಅವರ ಬಾವುಟ ಹಾರಿಸಲು ಬಿಡುತ್ತಿದ್ದರು. 2005ರಿಂದ 2017ರವರೆಗೆ 284 ಬಾರಿ ಹೀಗೆ ಹಾರಿಸಿದ್ದಾರೆ. ಬೇರೆ ಬೇರೆ ದೇಶಗಳದ್ದು, ಸಂಘಗಳದ್ದು, ಒಂದು ಬ್ಯಾಂಕಿನದ್ದೂ ಸೇರಿ ಸುಮಾರು 50 ಥರದ ಬಾವುಟಗಳು. ಒಂದಕ್ಕೂ ಇಲ್ಲ ಅಂದಿರಲಿಲ್ಲ. 2017ರಲ್ಲಿ ಒಂದು ಕ್ರೈಸ್ತ ಗುಂಪು ಶಿಲುಬೆ ಇರುವ ಬಾವುಟಕ್ಕೆ ಅರ್ಜಿ ಹಾಕಿತು. ಅಧಿಕಾರಿಗೆ ಗಾಬರಿ. ಸರ್ಕಾರ ಒಂದು ಧರ್ಮದ ಪರ ನಿಂತಂತೆ ಆಗುತ್ತದಲ್ಲ ಅಂತ ಬೇಡ ಅಂದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಸಂವಿಧಾನ ಮುರಿಯಬಾರದು ಅಂತಲೇ ಹಾಗೆ ಮಾಡಿದ್ದು. 2022ರಲ್ಲಿ ಸುಪ್ರೀಂ ಕೋರ್ಟ್ 9-0ರಲ್ಲಿ ಹೇಳಿತು: ನೀವು ಸಂವಿಧಾನ ಮುರಿದಿದ್ದೀರಿ.

ಆ ತೀರ್ಪಿನಲ್ಲಿ ನನ್ನಂಥವರು ಓದಬೇಕಾದ ಭಾಗ ದೊಡ್ಡ ಸಿದ್ಧಾಂತದ್ದಲ್ಲ, ಆಫೀಸು ಹೇಗೆ ನಡೆಯುತ್ತಿತ್ತು ಅನ್ನುವುದರದ್ದು. ಯಾವ ಬಾವುಟ ಹಾರಿಸಬಹುದು, ಯಾವುದು ಬೇಡ ಅಂತ ಬರೆದಿಟ್ಟ ನಿಯಮ ಇರಲಿಲ್ಲ. ಬಾವುಟ ಹೇಗಿದೆ ಅಂತ ಮೊದಲೇ ತರಿಸಿ ನೋಡುವ ಪದ್ಧತಿ ಇರಲಿಲ್ಲ. ಹನ್ನೆರಡು ವರ್ಷ ಕಣ್ಣು ಮುಚ್ಚಿ ಸಹಿ ಹಾಕಿ, ಆಮೇಲೆ ಇದೆಲ್ಲ ನಮ್ಮದೇ ಮಾತು, ನಾವೇ ಆರಿಸಿದ್ದು ಅಂದರೆ ಯಾರು ನಂಬುತ್ತಾರೆ? ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನವರು ನಮ್ಮ ಧ್ವಜಸ್ತಂಭ ಜನರ ವೇದಿಕೆಯಲ್ಲ ಅಂತ ಸ್ಪಷ್ಟವಾಗಿ ಬರೆದಿಟ್ಟಿದ್ದನ್ನು ಕೋರ್ಟೇ ಉದಾಹರಣೆ ಕೊಟ್ಟಿತು. ಒಂದು ಪುಟದ ಕಾಗದ ಇದ್ದಿದ್ದರೆ ಸಾಕಿತ್ತು. ಕೊನೆಗೆ ಎದುರು ಪಕ್ಷದ ವಕೀಲರಿಗೆ ಬೋಸ್ಟನ್ 20 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಡಬೇಕಾಯಿತು.

ಹಾಗಾಗಿ ನಮ್ಮ ಅರ್ಜಿ ಫಾರ್ಮ್ ನೋಡಿದರೆ ತುಂಬ ಒಣ ಅನ್ನಿಸುತ್ತದೆ. ಎಷ್ಟು ಎತ್ತರ, ಎಷ್ಟು ಅಗಲ, ಯಾವ ದಿನದಿಂದ ಯಾವ ದಿನ, ಕರೆಂಟ್ ಎಷ್ಟು ಬೇಕು. ಇನ್ಶೂರೆನ್ಸ್ ಕಾಗದದಲ್ಲಿ ಸಿಟಿಯ ಹೆಸರೂ ಇದೆಯಾ. ಗೂಟ ಎಷ್ಟು ಉದ್ದ. ಈ ಗೂಟದ ಪ್ರಶ್ನೆ ಕಂಡು ಎಲ್ಲರೂ ನಗುತ್ತಾರೆ. ಹುಲ್ಲಿನ ಕೆಳಗೆ ಸ್ಪ್ರಿಂಕ್ಲರ್ ಪೈಪ್ ಇದೆ, ಉದ್ದ ಗೂಟ ಹೊಡೆದರೆ ಪೈಪ್ ಒಡೆಯುತ್ತದೆ. ಒಡೆದದ್ದು ವಸಂತ ಬಂದು ನೀರು ಬಿಟ್ಟಾಗಲೇ ಗೊತ್ತಾಗುವುದು. ಹಾಗಾಗಿ ಹೊರಗಿನವರು ಇಡುವ ಎಲ್ಲಕ್ಕೂ ಮರಳಿನ ಚೀಲವೇ ಗತಿ. ಗೋದಲಿಯ ಮೂರು ಜ್ಞಾನಿಗಳ ಬೊಂಬೆಯ ಕಾಲಿಗೂ ಅದೇ, ನಾಸ್ತಿಕರ ಬೋರ್ಡಿಗೂ ಅದೇ. ಇದು ಖಾಸಗಿಯವರ ಅಲಂಕಾರ, ಸಿಟಿಯದ್ದಲ್ಲ ಅನ್ನುವ ಫಲಕವೊಂದು ಪ್ರತಿಯೊಂದರ ಮುಂದೆ ಇರಲೇಬೇಕು.

ಹಳೇ ಫಾರ್ಮ್‌ನಲ್ಲಿ ಒಂದು ಸಾಲಿತ್ತು. ಅಲಂಕಾರ ಹಬ್ಬದ ವಾತಾವರಣಕ್ಕೆ ಒಪ್ಪುವಂತಿರಬೇಕು ಅಂತ. ಓದಲು ಎಷ್ಟು ಚೆನ್ನಾಗಿದೆ, ಅಲ್ವಾ? ಸಿಟಿ ವಕೀಲರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ "ಯಾರ ಪ್ರಕಾರ?" ಅಂತ ಬರೆದರು. ಒಪ್ಪುತ್ತದೋ ಇಲ್ಲವೋ ಹೇಳಬೇಕಾದವಳು ನಾನು. ಅಂಥ ಅಧಿಕಾರ ನನ್ನ ಕೈಯಲ್ಲಿದ್ದರೆ ನಾನು ಎಷ್ಟು ನ್ಯಾಯವಾಗಿ ನಡೆದುಕೊಂಡರೂ ಅನುಮಾನ ತಪ್ಪಲ್ಲ. ಇಂಥದ್ದೇ ಇನ್ನೊಂದು, ಶುಲ್ಕ. ಗಲಾಟೆ ಆಗಬಹುದಾದ ಅಲಂಕಾರಕ್ಕೆ ಪೊಲೀಸ್ ಖರ್ಚು ಅಂತ ಜಾಸ್ತಿ ವಸೂಲಿ ಮಾಡೋಣ ಅಂತ ಯಾರಾದರೂ ಹೇಳುತ್ತಲೇ ಇರುತ್ತಾರೆ. ಜಾರ್ಜಿಯಾದ ಫೋರ್ಸೈತ್ ಕೌಂಟಿ ಕೇಸಿನಲ್ಲಿ 1992ರಲ್ಲೇ ಆ ದಾರಿ ಮುಚ್ಚಿಹೋಗಿದೆ. ನೋಡುವವರಿಗೆ ಸಿಟ್ಟು ಬರುತ್ತದೆ ಅನ್ನುವ ಕಾರಣಕ್ಕೆ, ಮಾತಾಡುವವರ ಶುಲ್ಕ ಏರಿಸುವ ಹಾಗಿಲ್ಲ.

ಇಲ್ಲ ಅನ್ನಬೇಕಾದಾಗ ಫೈಲು ಕಾಪಾಡುತ್ತದೆ. ಒಂದು ಚರ್ಚಿನವರು ಗೋದಲಿಗೆ ಜೀವಂತ ಕತ್ತೆ, ಕುರಿ ತರುತ್ತೇವೆ ಅಂದರು. ಪಾರ್ಕಿನಲ್ಲಿ ಸಾಕುಪ್ರಾಣಿ ಕಟ್ಟುವ ಹಾಗಿಲ್ಲ ಅಂದೆ. ನಮ್ಮ ಧರ್ಮ ಕಂಡರೆ ನಿಮಗಾಗಲ್ಲ ಅಂತ ದೂರು ಹೋಯಿತು. ಅದೇ ಬೇಸಿಗೆಯಲ್ಲಿ ಮಕ್ಕಳ ಮೇಳಕ್ಕೆ ಮೇಕೆ ತರುತ್ತೇವೆ ಅಂದವರಿಗೂ ಅದೇ ನಿಯಮ ತೋರಿಸಿ ಇಲ್ಲ ಅಂದಿದ್ದ ಪತ್ರ ಫೈಲಿನಲ್ಲಿತ್ತು. ಎರಡನ್ನೂ ಒಟ್ಟಿಗೆ ಕಳಿಸಿದೆ. ಮಾತು ಅಲ್ಲಿಗೆ ನಿಂತಿತು. ಚರ್ಚಿನವರು ಫೈಬರ್ ಕುರಿ ತಂದರು, ಚೆನ್ನಾಗೇ ಇದ್ದವು.

ನಮ್ಮವರ ಕಥೆಯನ್ನೂ ಹೇಳಿಬಿಡುತ್ತೇನೆ. ಇಲ್ಲಿನ ಭಾರತೀಯರ ಸಂಘದವರು ದೀಪಾವಳಿಗೆ ದೀಪ ಹಚ್ಚಿ, ರಂಗೋಲಿ ಹಾಕಲು ಅರ್ಜಿ ತಂದರು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ನನ್ನ ಹೆಸರು ನೋಡಿ ಕನ್ನಡಕ್ಕೆ ತಿರುಗಿದರು. "ನಮ್ಮವಳೇ ಇದ್ದೀಯಲ್ಲಮ್ಮಾ, ಸ್ವಲ್ಪ ನೋಡ್ಕೋ." ನಾನು ಹೇಳಿದೆ, "ಅಂಕಲ್, ನಮ್ಮವಳು ಅಂತಲೇ ನಿಮ್ಮ ಫೈಲನ್ನ ಎರಡು ಸಲ ನೋಡಬೇಕಾಗುತ್ತೆ." ಬೆಂಕಿ ಹಚ್ಚಲು ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ರಂಗೋಲಿ ಪುಡಿ ಮಳೆನೀರಿನ ಚರಂಡಿಗೆ ಸೇರಿದರೆ ಸೀದಾ ಹೊಳೆಗೆ ಹೋಗುತ್ತದೆ, ಅದಕ್ಕೆ ದಂಡ ಇದೆ. ಅವರ ಮುಖ ಸಪ್ಪಗಾಯಿತು. ನನ್ನ ಮೇಲಧಿಕಾರಿಗೂ ಫೈಲು ತೋರಿಸಿ, ಸಹಿ ಅವರಿಂದಲೇ ಮಾಡಿಸಿದೆ. ಕೊನೆಗೆ ಬ್ಯಾಟರಿ ದೀಪ ಬಂತು. ಪ್ಲೈವುಡ್ ಹಲಗೆಯ ಮೇಲೆ ಬಣ್ಣದಲ್ಲಿ ರಂಗೋಲಿ ಬರೆದು ತಂದರು. ನೆಲದ ಮೇಲೆ ಹಾಕಿದ ಸೊಗಸು ಅದಕ್ಕೆಲ್ಲಿ ಬರಬೇಕು, ಅದು ಬೇರೆ ಮಾತು.

ಈಗ ನಮ್ಮ ಕೌನ್ಸಿಲ್‌ನಲ್ಲಿ ಹೊಸ ಚರ್ಚೆ. ಈ ರಗಳೆಯೇ ಬೇಡ, ಖಾಸಗಿ ಅಲಂಕಾರಕ್ಕೆ ಜಾಗವನ್ನೇ ಮುಚ್ಚಿಬಿಡೋಣ ಅಂತ. ಮುಚ್ಚಬಹುದು. ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಹತ್ತಾರು ವರ್ಷಗಳಿಂದ ಸಮುದ್ರದ ಪಕ್ಕದ ಪಾರ್ಕಿನಲ್ಲಿ ಚರ್ಚುಗಳು ಗೋದಲಿ ಸಾಲು ಇಡುತ್ತಿದ್ದವು. 2011ರಲ್ಲಿ ಲಾಟರಿ ಎತ್ತಿದಾಗ 21 ಜಾಗಗಳಲ್ಲಿ 18 ನಾಸ್ತಿಕರ ಪಾಲಾದವು. ಮುಂದಿನ ವರ್ಷ ಊರಿನವರು ಇಂಥ ಅಲಂಕಾರವನ್ನೇ ಎಲ್ಲರಿಗೂ ನಿಲ್ಲಿಸಿದರು, ಕೋರ್ಟೂ ಅದಕ್ಕೆ ಅಡ್ಡ ಬರಲಿಲ್ಲ. ನನಗೆ ವೈಯಕ್ತಿಕವಾಗಿ ಮುಚ್ಚುವುದು ಇಷ್ಟವಿಲ್ಲ. ನಾಲ್ಕು ಥರದ ಜನ ಒಂದೇ ಹುಲ್ಲಿನ ಮೇಲೆ ಕಚ್ಚಾಡಿಕೊಂಡು ಇರುವುದೇ ವಾಸಿ. ಆದರೆ ಅದನ್ನು ಹೇಳುವುದು ನನ್ನ ಡೆಸ್ಕಿನ ಕೆಲಸವಲ್ಲ. ನಾನು ಟಿಪ್ಪಣಿಯಲ್ಲಿ ಬರೆದದ್ದು ಇಷ್ಟೇ: ಮುಚ್ಚುವುದಾದರೆ ಜನವರಿಯಲ್ಲಿ, ಮೇಜಿನ ಮೇಲೆ ಒಂದೂ ಅರ್ಜಿ ಇಲ್ಲದಿರುವಾಗ ಮುಚ್ಚಿ. ನವೆಂಬರ್‌ನಲ್ಲಿ ಯಾರದೋ ಅರ್ಜಿ ಕಂಡ ಮೇಲೆ ಮುಚ್ಚಿದರೆ, ಯಾಕೆ ಮುಚ್ಚಿದಿರಿ ಅಂತ ಜಡ್ಜ್ ಕೇಳಿದಾಗ ಸಾಕ್ಷಿ ಹೇಳಲು ಹೋಗಬೇಕಾದವಳು ನಾನು.