ವಸ್ತಿ ಬಸ್ ಎಲ್ಲಿಗೆ ಹೋಗುತ್ತದೆ ಕೇಳಿ: ಶಿರಸಿ, ಕಾರವಾರದ ಕಡೆ ಗಾಡಿಮನೆಯಲ್ಲಿ 18 ದಿನ

ನಿವೃತ್ತಿಯಾಗಿ ಎರಡು ವರ್ಷಕ್ಕೆ ನಮ್ಮ ಮೋಟರ್‌ಹೋಮ್ ಬಂತು. ಟೆಂಪೋ ಟ್ರಾವೆಲರ್ ಚಾಸಿಯ ಮೇಲೆ ಕಟ್ಟಿಸಿದ್ದು. ಎರಡು ಹಾಸಿಗೆ, ಒಂದು ಒಲೆ, ಪುಟ್ಟ ಫ್ರಿಜ್, ಮೊಣಕಾಲು ಗೋಡೆಗೆ ತಾಗುವಂಥ ಬಚ್ಚಲು. ರಾಣೆಬೆನ್ನೂರಿನ ನಮ್ಮ ಓಣಿಯ ಹುಡುಗರು ಅದಕ್ಕೆ ಗಾಡಿಮನೆ ಅಂತ ಹೆಸರಿಟ್ಟಿದ್ದಾರೆ. ಉದ್ದ 20 ಅಡಿ, ನೆತ್ತಿಯ ಎ.ಸಿ. ಸೇರಿದರೆ ಎತ್ತರ 10 ಅಡಿ. ಈ ಎರಡು ಅಂಕಿ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಸಂಕ್ರಾಂತಿ ಮುಗಿಸಿ ಹೊರಟೆವು. ಬನವಾಸಿ, ಶಿರಸಿ, ಯಲ್ಲಾಪುರ, ಅಂಕೋಲಾ, ಕಾರವಾರ, ಆಮೇಲೆ ಕರಾವಳಿ ಹಿಡಿದು ಕುಮಟಾ, ಹೊನ್ನಾವರ. ಲಾಡ್ಜ್ ಹಿಡಿಯಬಾರದು, ದಾರಿ ಬದಿಯಲ್ಲೇ ಎಲ್ಲಾದರೂ ಚಂದದ ಜಾಗ ನೋಡಿ ನಿಲ್ಲಬೇಕು ಅನ್ನುವುದು ನನ್ನ ಹಟ. ಮನೆಯಾಕೆಯ ಷರತ್ತು ಒಂದೇ: ಕತ್ತಲಾದ ಮೇಲೆ ಜಾಗ ಹುಡುಕುವ ಕೆಲಸ ಬೇಡ.

ಎರಡು ದಿನ ಎಲ್ಲ ಸರಿಯಾಗಿತ್ತು. ಬನವಾಸಿಯಲ್ಲಿ ಮಧುಕೇಶ್ವರ ದೇವಸ್ಥಾನ ನೋಡಿದೆವು, ದಾರಿಯಲ್ಲಿ ಅನಾನಸ್ ಕೊಂಡೆವು, ವರದಾ ಹೊಳೆಯ ಕಡೆ ಅಡ್ಡಾಡಿದೆವು. ಮೂರನೇ ದಿನ ಶಿರಸಿ ದಾಟಿದ ಮೇಲೆ ಮೊಬೈಲ್ ನೋಡಿಕೊಂಡು ಒಂದು ಜಲಪಾತಕ್ಕೆ ಹೊರಟೆ. ಮ್ಯಾಪಿನಲ್ಲಿ ನೀಟಾಗಿ ನೀಲಿ ಗೆರೆ ಇತ್ತು. ನಿಜವಾಗಿ ಇದ್ದದ್ದು ಒಂದು ಕಡೆ ಎತ್ತರದ ಮಣ್ಣಿನ ಧರೆ, ಇನ್ನೊಂದು ಕಡೆ ಕೆಳಗೆ ಅಡಿಕೆ ತೋಟ, ನಡುವೆ ಕಾರು ಹೋಗುವಷ್ಟು ಡಾಂಬರು. ಅದೂ ಅರ್ಧ ಕಿಲೋಮೀಟರ್ ಆದಮೇಲೆ ಮಣ್ಣು. ಎದುರಿಗೆ ದಣಪೆ, ಅಂದರೆ ಅಡ್ಡಗಳುವಿನ ಗೇಟು, ಹಾಕಿದ್ದರು. ತಿರುಗಿಸಲು ಜಾಗವಿಲ್ಲ. ಹಿಂದೆ ಸರಿದರೆ ನೆತ್ತಿಯ ಮೇಲೆ ಗೇರುಮರದ ಟೊಂಗೆ ಕರ್ ಅಂತ ಉಜ್ಜಿತು. ಮನೆಯಾಕೆ ಕೆಳಗಿಳಿದು ನಿಂತಳು, ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೊರಟಿದ್ದ ಒಬ್ಬ ಹಿರಿಯರು ಬಂದರು. ಗಾಡಿಯನ್ನು ಒಂದು ಸುತ್ತು ನೋಡಿದರು.

"ಮೊಬೈಲ್ ನೋಡ್ಕಂಡು ಬಂದ್ರಾ?"

"ಹೌದು ಸರ್."

"ಅದಕ್ಕೆ ಎಂತ ಗೊತ್ತು? ಅದು ಇಲ್ಲಿ ಗಾಡಿ ಹೊಡ್ದಿದ್ದುಂಟಾ?"

ಕ್ಯಾನ್ ಕೆಳಗಿಟ್ಟು, ಬಲಕ್ಕೆ, ಎಡಕ್ಕೆ, ಸಾಕು ಸಾಕು ಅನ್ನುತ್ತ ಪೂರ್ತಿ ಅರ್ಧ ಕಿಲೋಮೀಟರ್ ನಮ್ಮನ್ನು ಹಿಂದಕ್ಕೆ ತಂದರು. ಮುಖ್ಯ ರಸ್ತೆ ಸಿಕ್ಕ ಮೇಲೆ ಹೇಳಿದ ಮಾತೇ ನಮ್ಮ ಇಡೀ ಪ್ರವಾಸವನ್ನು ನಡೆಸಿತು. "ಇನ್ಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ವಸ್ತಿ ಬಸ್ ಎಲ್ಲಿಗೆ ಹೋಗ್ತದೆ ಕೇಳಿ. ಬಸ್ಸು ಹೋಗಿ ತಿರುಗ್ತದೆ ಅಂದ್ರೆ ನಿಮ್ಮ ಗಾಡಿ ತಿರುಗದೇ ಇರ್ತದಾ?"

ಎಷ್ಟು ಸರಳ ಲೆಕ್ಕ ನೋಡಿ. ಸಾರಿಗೆ ಬಸ್ಸು ನಮ್ಮ ಗಾಡಿಗಿಂತ ಉದ್ದ, ಅಗಲ, ಎತ್ತರ. ಅದು ದಿನಾ ಓಡಾಡುವ ದಾರಿಯಲ್ಲಿ ಟೊಂಗೆ ಕಡಿದಿರುತ್ತಾರೆ, ಮೋರಿ ಗಟ್ಟಿ ಇರುತ್ತದೆ, ಕೊನೆಯಲ್ಲಿ ತಿರುಗಲು ಬಯಲು ಇದ್ದೇ ಇರುತ್ತದೆ. ವಸ್ತಿ ಬಸ್ ಅಂದರೆ ಇನ್ನೂ ಒಂದು ಅನುಕೂಲ. ರಾತ್ರಿ ಡ್ರೈವರ್, ಕಂಡಕ್ಟರ್ ಅಲ್ಲೇ ಉಳಿಯುತ್ತಾರೆ. ಹೊರಗಿನವರ ಗಾಡಿ ರಾತ್ರಿ ನಿಲ್ಲುವುದು ಊರಿನವರಿಗೆ ಹೊಸದಲ್ಲ, ಹಾಗಾಗಿ ಯಾರೂ ಟಾರ್ಚ್ ಹಿಡಿದು ವಿಚಾರಣೆಗೆ ಬರುವುದಿಲ್ಲ.

ಮರುದಿನ ಶಿರಸಿ ಬಸ್‌ನಿಲ್ದಾಣದಲ್ಲಿ ಕಂಟ್ರೋಲರ್ ಹತ್ತಿರ ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಾಲ್ಕು ಊರು ಹೇಳಿದರು. ನಾವು ಆರಿಸಿಕೊಂಡ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹತ್ತು ಗಾಡಿ ಒಟ್ಟಿಗೆ ಹೋಗಿ ನಿಂತರೆ ಬಸ್ಸಿಗೇ ಜಾಗ ಇರುವುದಿಲ್ಲ. ನೀವೂ ಕೇಳಿ, ನಿಮಗೂ ನಾಲ್ಕು ಊರು ಸಿಗುತ್ತವೆ.

ಮಧ್ಯಾಹ್ನ ಮೂರೂವರೆಗೇ ತಲುಪಿದೆವು. ಬಯಲು, ಒಂದು ಶಾಲೆ, ಮೆಟ್ಟಿಲಿಗೆ ಸೆಗಣಿ ಸಾರಿಸಿದ ಒಂದು ಕಿರಾಣಿ ಅಂಗಡಿ. ಅಂಗಡಿಯ ಅಮ್ಮನ ಹತ್ತಿರ ರಾತ್ರಿ ನಿಲ್ಲಬಹುದಾ ಅಂತ ಕೇಳಿದೆ. "ನಿಂತ್ಕಳಿ, ಆದ್ರೆ ಹಲಸಿನಮರದ ಬದಿ ಬಸ್ಸಿಂದು" ಅಂದರು. ಎಂಟು ಗಂಟೆಗೆ ಬಸ್ ಬಂತು. ಕಂಡಕ್ಟರ್ ನಮ್ಮ ಗಾಡಿ ಸುತ್ತ ನಡೆದು, "ನಮ್ಗೂ ಹಿಂಗೊಂದು ಮಾಡ್ಕೊಟ್ರೆ ಡ್ಯೂಟಿ ಬೇಕಾದ್ರೆ ದಿನಾ ಮಾಡ್ತೆ" ಅಂದ. ಬೆಳಿಗ್ಗೆ ಆರಕ್ಕೆ ಇನ್ನೂ ಮಂಜು. ಬಸ್ಸಿನ ಹೆಡ್‌ಲೈಟು ಹೊತ್ತಿ ಅಡಿಕೆ ಮರದ ನೆರಳೆಲ್ಲ ನಮ್ಮ ಪರದೆಯ ಮೇಲೆ ಸರಿದು ಹೋದವು. ಕಾಲೇಜಿಗೆ ಹೊರಟ ಹುಡುಗಿಯರು ಮೂರು ಜನ, ಬಾಳೆಗೊನೆ ಹಿಡಿದ ಒಬ್ಬರು. ಎರಡು ಸಲ ಹಾರ್ನ್. ಆಮೇಲೆ ಇಡೀ ಬಯಲು ನಮ್ಮದು.

ಆ ಊರಲ್ಲೇ ಆಲೆಮನೆ ಸಿಕ್ಕಿತು. ಜನವರಿ, ಫೆಬ್ರವರಿಯಲ್ಲಿ ಹೋಗುವವರು ಹೊಗೆ ಕಂಡಲ್ಲಿ ನಿಲ್ಲಿಸಿ. ಕಬ್ಬಿನಹಾಲು ಕುಡಿಯದೆ ಯಾರೂ ಬಿಡುವುದಿಲ್ಲ. ಜೋನಿಬೆಲ್ಲ, ಅಂದರೆ ನೀರುಬೆಲ್ಲ, ಡಬ್ಬಿಯಲ್ಲಿ ಕೊಡುತ್ತಾರೆ, ಮುಚ್ಚಳ ಗಟ್ಟಿ ಹಾಕಿಕೊಳ್ಳಿ. ನಮ್ಮ ಬೀರುವಿನಲ್ಲಿ ಸೋರಿ ಒಂದು ವಾರ ಇರುವೆ ಕಾಟ. ಅಂಗಡಿಯ ಅಮ್ಮ ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವುದನ್ನು ತೋರಿಸಿದರು. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನಿಗೆ ಒಂದೇ ಬೀಸು. ಅರೆಕ್ಷಣದಲ್ಲಿ ಕಾಗದದಷ್ಟು ತೆಳ್ಳಗೆ ಎದ್ದು ಬರುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ಮನೆಯಾಕೆ ನಾಲ್ಕು ಸಲ ಮಾಡಿದಳು, ನಾಲ್ಕೂ ಚೂರುಚೂರು. ಚೂರುಗಳನ್ನು ತುಪ್ಪ ಹಾಕಿ ನಾನು ತಿಂದೆ.

ಘಟ್ಟದ ಮೇಲೆ ಮೂರು ವಿಷಯ ನೆನಪಿರಲಿ. ಒಂದು, ಸೋಲಾರ್ ನಂಬಬೇಡಿ. ಅಡಿಕೆ, ಹಲಸಿನ ನೆರಳಿನಲ್ಲಿ ನಮ್ಮ ಪ್ಯಾನೆಲ್ ಮೂರು ದಿನ ಮಲಗಿಯೇ ಇತ್ತು, ಫ್ರಿಜ್ ಆಫ್ ಆಗಿ ಮೊಸರು ಹುಳಿಯಾಯಿತು. ಎರಡು, ಮಂಗನ ಕಾಯಿಲೆ. ಸಿದ್ದಾಪುರ, ಶಿರಸಿ ಕಡೆ ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಅದರ ಭಯ ಇರುತ್ತದೆ. ಹರಡುವುದು ಉಣುಗಿನಿಂದ. ಕಾಡಂಚಿನ ತರಗೆಲೆಯ ಮೇಲೆ ಚಾಪೆ ಹಾಸಿ ಕೂರುವ ಆಸೆ ಬಿಡಿ, ಸಂಜೆ ಕಾಲು, ಬಟ್ಟೆ ನೋಡಿಕೊಳ್ಳಿ. ಮಂಗ ಸತ್ತಿದೆ ಅಂತ ಊರವರು ಹೇಳಿದರೆ ಅಲ್ಲಿಂದ ಹೊರಡಿ. ಮೂರು, ಕಾಡಿನೊಳಗೆ ರಾತ್ರಿ ನಿಲ್ಲಿಸಬೇಡಿ. ಅರಣ್ಯ ಇಲಾಖೆಯವರು ಎಬ್ಬಿಸುತ್ತಾರೆ, ಎಬ್ಬಿಸುವುದೇ ಸರಿ.

ಸಹಸ್ರಲಿಂಗಕ್ಕೆ ಹೋಗಿ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವಾಗ ಸಿಗುತ್ತದೆ, ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆಲ್ಲ ಲಿಂಗ ಕೆತ್ತಿದ್ದಾರೆ. ಸೋಂದೆಯ ಅರಸ ಸದಾಶಿವರಾಯನ ಕಾಲದ್ದು. ಮಳೆಗಾಲದಲ್ಲಿ ಹೆಚ್ಚಿನ ಲಿಂಗ ನೀರಿನಡಿ, ಜನವರಿಯಲ್ಲಿ ನೀರು ಇಳಿದಿರುತ್ತದೆ. ಯಾಣಕ್ಕೆ ಮಾತ್ರ ಗಾಡಿಮನೆ ತೆಗೆದುಕೊಂಡು ಹೋಗಬೇಡಿ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ನೋಡಲೇಬೇಕಾದ ಕಲ್ಲು. ಆದರೆ ಕಾರು ಮಾಡಿಕೊಂಡು ಹೋಗಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಶಿರಸಿ ಪೇಟೆಯೊಳಗೆ ಸೈಕಲ್ ಹೋಗುವುದೂ ಕಷ್ಟ.

ಘಟ್ಟ ಇಳಿಯಲು ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಹತ್ತಿರದ ದಾರಿ. ಆದರೆ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ಬಂದ್ ಮಾಡಿದ್ದುಂಟು, ಹೊರಡುವ ದಿನ ಅದೇ ಬಸ್‌ನಿಲ್ದಾಣದಲ್ಲಿ ವಿಚಾರಿಸಿ. ನಾವು ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದೆವು. ಅಗಲ ರಸ್ತೆ, ಲಾರಿ ಜಾಸ್ತಿ. ಸೆಕೆಂಡ್ ಗೇರಲ್ಲಿ ಇಳಿಯಿರಿ, ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ.

ಕರಾವಳಿಗೆ ಇಳಿದ ಮೇಲೆ ಲೆಕ್ಕವೇ ಬೇರೆ. 66ನೇ ಹೆದ್ದಾರಿ ಚತುಷ್ಪಥ. ಬದಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು ಅನ್ನಿಸುತ್ತದೆ. ನಿಲ್ಲಬೇಡಿ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾ ಹೋಟೆಲ್ಲು, ಅಲ್ಲಿ ನಿಂತಿದ್ದ ಗಾಡಿಗಳು ಎಲ್ಲ ಗಂಗಾವಳಿ ಹೊಳೆಯ ಪಾಲಾದವು. ನಾವು ಆ ಜಾಗ ದಾಟುವಾಗ ಇಬ್ಬರೂ ಮಾತಾಡಲಿಲ್ಲ. ಕಡಿದ ಗುಡ್ಡದ ಕೆಳಗೆ ಮಳೆಗಾಲದಲ್ಲಿ ಚಹಾಕ್ಕೂ ನಿಲ್ಲಿಸಬೇಡಿ. ಕಾರವಾರಕ್ಕೆ ಮೊದಲು ಅರ್ಗಾ, ಬಿಣಗಾ ಹತ್ತಿರ ಕದಂಬ ನೌಕಾನೆಲೆ. ಸಮುದ್ರ ಕಂಡಿತು ಅಂತ ಅಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಬೇಡವೇ ಬೇಡ.

ವಸ್ತಿ ಬಸ್ಸಿನ ಸೂತ್ರ ಕೆಳಗೆ ಅರ್ಧ ಮಾತ್ರ ನಡೆಯುತ್ತದೆ. ಬಸ್ಸು ಹೆದ್ದಾರಿಯಲ್ಲೇ ಇಳಿಸಿ ಹೋಗುವ ಊರು ಜಾಸ್ತಿ, ಒಳಗಿನ ಓಣಿಗೆಲ್ಲ ಎರಡೂ ಕಡೆ ಚಿರೆಕಲ್ಲಿನ ಪಾಗಾರದ ಗೋಡೆ. ಇಲ್ಲಿ ಕೇಳಬೇಕಾದದ್ದು ಬೇರೆ ಪ್ರಶ್ನೆ: ಯಕ್ಷಗಾನದ ಆಟ ಎಲ್ಲಿ ಆಗುತ್ತದೆ? ಕೊಯ್ಲು ಮುಗಿದ ಗದ್ದೆಯಲ್ಲಿ ಆಟ ಆಡಿಸುತ್ತಾರೆ. ಮೇಳದ ಲಾರಿ ಬರುವ ಗದ್ದೆಗೆ ನಮ್ಮ ಗಾಡಿಯೂ ಇಳಿಯುತ್ತದೆ. ನೆಲ ಗಟ್ಟಿ, ಸುತ್ತ ಬಯಲು, ಗದ್ದೆಯವರು ಯಾರು ಅಂತ ಎಲ್ಲರಿಗೂ ಗೊತ್ತು, ಕೇಳಲು ಸುಲಭ. ಕುಮಟಾ ತಾಲೂಕಿನಲ್ಲಿ ಹೀಗೆ ಎರಡು ರಾತ್ರಿ ಇದ್ದೆವು. ಆಟ ಇರುವ ರಾತ್ರಿಯೇ ಹೋದರೆ ನಿದ್ದೆಯ ಆಸೆ ಇಟ್ಟುಕೊಳ್ಳಬೇಡಿ. ನಾವು ಎರಡನೇ ರಾತ್ರಿ ಹಾಗೆ ಸಿಕ್ಕಿಬಿದ್ದೆವು. ಹನ್ನೆರಡಕ್ಕೆ ಕಿವಿಗೆ ಹತ್ತಿ ಇಟ್ಟೆ, ಒಂದಕ್ಕೆ ಹತ್ತಿ ತೆಗೆದು ಕುರ್ಚಿ ಹೊತ್ತುಕೊಂಡು ಹೋಗಿ ಮುಂದಿನ ಸಾಲಲ್ಲಿ ಕೂತೆ.

ಕಾರವಾರದಲ್ಲಿ ಟಾಗೋರ್ ಬೀಚಿನ ಹತ್ತಿರ ಹಗಲು ನಿಲ್ಲಿಸಲು ಜಾಗ ಧಾರಾಳ. ಯುದ್ಧನೌಕೆ ಚಾಪಲ್ ಮ್ಯೂಸಿಯಂ ಅಲ್ಲೇ ಇದೆ, ಒಳಗೆ ಹತ್ತಿ ನೋಡಬಹುದು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು, ಅವರ ಮನೆಗೆ ಬಂದಿದ್ದ ತಮ್ಮನ ಹೆಸರು ಬೀಚಿಗೆ ಬಂತು. ಕೆಲಸ ಮಾಡಿದ ಅಣ್ಣನ ಹೆಸರು ಯಾರಿಗೂ ನೆನಪಿಲ್ಲ ನೋಡಿ. ಕಾಳಿ ಸೇತುವೆ ದಾಟುವಾಗ ನಿಧಾನ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ಗಾಡಿಗಳು ಹೊಸದರಲ್ಲೇ ಓಡಾಡುತ್ತವೆ. ದಾಟಿದರೆ ಸದಾಶಿವಗಡ, ಆಮೇಲೆ ಮಾಜಾಳಿ. ಗೋವಾ ಗಡಿಗೆ ಮೊದಲಿನ ಈ ಬೀಚಿನಲ್ಲಿ ಜನ ಕಡಿಮೆ. ಹತ್ತಿರದ ತಿಳಮಾತಿಗೆ ನಡೆದೇ ಹೋಗಬೇಕು, ಎಳ್ಳಿನಂಥ ಕಪ್ಪು ಮರಳು, ಹೆಸರೂ ಅದಕ್ಕೇ ಬಂದದ್ದು.

ಮಾಜಾಳಿಯಲ್ಲಿ ನನ್ನದೇ ತಪ್ಪಿನಿಂದ ಗಾಡಿಯ ಹಿಂದಿನ ಚಕ್ರ ಮರಳಿನಲ್ಲಿ ಹೂತಿತು. ಸಮುದ್ರ ಇನ್ನೂ ದೂರ ಇದೆಯಲ್ಲ ಅಂತ ನಾನು. ದೋಣಿಯ ಹುಡುಗರು ತೆಂಗಿನ ಗರಿ ತಂದು ಚಕ್ರಕ್ಕೆ ಕೊಟ್ಟು ದೂಡಿದರು. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಬೇಗ ಹತ್ತುತ್ತದೆ. "ಹುಣ್ಣಿಮೆ ಇವತ್ತು, ಭರತ ಇಲ್ಲಿ ತನಕ ಬರ್ತದೆ ಅಂಕಲ್" ಅಂತ ಒಬ್ಬ ತೋರಿಸಿದ ಗುರುತು ನಮ್ಮ ಗಾಡಿಯಿಂದ ಮೇಲಿತ್ತು. ಒಣ ಹುಲ್ಲು, ಕಸ, ಚಪ್ಪಲಿ ಸಾಲಾಗಿ ಬಿದ್ದ ಗೆರೆ ಇರುತ್ತದಲ್ಲ, ಅದರ ಆಚೆಗೇ ಗಾಡಿ ಇರಲಿ.

ವಾಪಸು ಬರುವಾಗ ಗೋಕರ್ಣದ ಪೇಟೆಗೆ ಹೋಗಲಿಲ್ಲ, ರಥಬೀದಿಯಲ್ಲಿ ಈ ಗಾಡಿ ನಡೆಯುವುದಿಲ್ಲ. ಅದರ ಬದಲು ಸಾಣಿಕಟ್ಟೆಯಲ್ಲಿ ನಿಲ್ಲಿಸಿದೆವು. ಕಣ್ಣು ಹಾಯುವಷ್ಟು ಉಪ್ಪಿನಗದ್ದೆ. ಉಪ್ಪು ತೆಗೆಯುವುದು ಬೇಸಿಗೆಯ ಬಿಸಿಲು ಏರಿದ ಮೇಲೆ. ನಾವು ಹೋದಾಗ ಕಟ್ಟೆ ಸರಿಮಾಡಿ ನೆಲ ತಟ್ಟುತ್ತಿದ್ದರು. ಮಿರ್ಜಾನ್ ಕೋಟೆಗೆ ಹೆದ್ದಾರಿಯಿಂದ ಒಂದು ಕಿಲೋಮೀಟರೂ ಇಲ್ಲ, ದಾರಿ ಅಗಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರಂತೆ. ಸಂಜೆ ಬಾಗಿಲು ಹಾಕುತ್ತಾರೆ, ಬೆಳಿಗ್ಗೆ ಬೇಗ ಹೋಗಿ.

ಯಾರೂ ಕೇಳದ, ಎಲ್ಲರಿಗೂ ಬೇಕಾದ ವಿಷಯ: ಶೌಚದ ಡಬ್ಬಿ ಎಲ್ಲಿ ಖಾಲಿ ಮಾಡುವುದು? ಅದಕ್ಕೆಂದೇ ಮಾಡಿದ ಜಾಗ ಈ ದಾರಿಯಲ್ಲಿ ನಮಗೆ ಒಂದೂ ಕಾಣಲಿಲ್ಲ. ನಾವು ಮಾಡಿದ್ದು ಇಷ್ಟು. ಎರಡು ದಿನಕ್ಕೊಮ್ಮೆ ಡೀಸೆಲ್ ಹಾಕಿಸಿದ ಬಂಕಿನಲ್ಲಿ ಮ್ಯಾನೇಜರಿಗೆ ಇದ್ದದ್ದು ಇದ್ದಂಗೆ ಹೇಳಿ, ಅವರ ಪಾಯಖಾನೆಯಲ್ಲಿ ಸುರಿದು, ಎರಡು ಬಕೆಟ್ ನೀರು ಹಾಕಿ ತೊಳೆದು ಬರುವುದು. ತೊಳೆಯುವ ಹುಡುಗನಿಗೆ 100 ರೂಪಾಯಿ. ಒಂದು ಕಡೆ ಬೈದು ಕಳಿಸಿದರು, ಉಳಿದ ಕಡೆ ಒಪ್ಪಿದರು. ಪಾತ್ರೆ ತೊಳೆದ ನೀರನ್ನೂ ಹಳ್ಳಕ್ಕೆ ಬಿಡಬೇಡಿ, ಕೆಳಗಿನ ತೋಟದವರು ಅದನ್ನೇ ಕುಡಿಯುತ್ತಿರುತ್ತಾರೆ. ಕುಡಿಯುವ ನೀರು ಘಟ್ಟದ ಮೇಲೆಯೇ ತುಂಬಿಸಿಕೊಳ್ಳಿ, ಸಮುದ್ರದ ಹತ್ತಿರದ ಕೆಲವು ಬಾವಿ ಉಪ್ಪುಪ್ಪು.

ಇನ್ನು ಹಳೇ ಟ್ರಾವೆಲರ್ ಇದೆ, ನಾನೇ ಮಂಚ ಹಾಕಿಸಿಕೊಳ್ಳುತ್ತೇನೆ ಅನ್ನುವವರಿಗೆ: ಆರ್.ಟಿ.ಒ. ಒಪ್ಪಿಗೆ ಇಲ್ಲದೆ ಗಾಡಿಯ ರೂಪ ಬದಲಿಸುವಂತಿಲ್ಲ. ಆರ್.ಸಿ. ಸರಿ ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಮೊದಲು ಹಿಡಿಯುವುದು ಅದನ್ನೇ.

ಕೊನೆಯ ದಿನ ಹೊನ್ನಾವರದಲ್ಲಿ ಗೇರುಸೊಪ್ಪೆ ಘಟ್ಟ ಹತ್ತುವ ಮೊದಲು ಗಾಡಿಗೆ ವಾಟರ್ ಸರ್ವಿಸ್ ಮಾಡಿಸಿದೆವು. ಇದನ್ನು ತಪ್ಪಿಸಬೇಡಿ, ಉಪ್ಪುಗಾಳಿಗೆ ಚಾಸಿ ಬೇಗ ತುಕ್ಕು ಹಿಡಿಯುತ್ತದೆ, ತಳಕ್ಕೆ ಸಿಹಿನೀರು ಚೆನ್ನಾಗಿ ಹೊಡೆಸಿ. ಹುಡುಗ ಏಣಿ ಹಾಕಿ ಮೇಲೆ ಹತ್ತಿದ. ಸ್ವಲ್ಪ ಹೊತ್ತಿಗೆ ಎ.ಸಿ.ಯ ಸಂದಿಯಿಂದ ಏನನ್ನೋ ಎಳೆದು ಕೆಳಗೆ ಹಾಕಿದ. ಒಣಗಿದ ಗೇರಿನ ಟೊಂಗೆ, ಒಂದು ಮೊಳ ಉದ್ದ. ಮನೆಯಾಕೆ ಅದನ್ನು ಒರೆಸಿ ಡ್ಯಾಶ್‌ಬೋರ್ಡಿನ ಮೇಲೆ, ಮೊಬೈಲ್ ಸಿಕ್ಕಿಸುವ ಜಾಗದಲ್ಲಿ ಇಟ್ಟಳು.