ಗಂಡುಮಕ್ಕಳ ಹೆಸರು, ಹೆಣ್ಣುಮಕ್ಕಳ ಸಂಖ್ಯೆ

ಸಾಗರ, ಜುಲೈ 13, 2025, ಭಾನುವಾರ

ಮಳೆ ಬಿಡುತ್ತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವುದು ಮತ್ತೆ ಮುಂದಕ್ಕೆ ಹೋಯಿತು, ಹಾಗಾಗಿ ಇಡೀ ದಿನ ವಂಶಾವಳಿ ಲೇಖನ ಹಿಡಿದು ಕೂತೆ. ನಮ್ಮ ಕಡೆಯ ಮನೆತನಗಳ ಬಗ್ಗೆ ಲೇಖನ ಹಾಕುವ ಒಂದು ಸಣ್ಣ ತ್ರೈಮಾಸಿಕಕ್ಕೆ ಬರೆಯುತ್ತಿರುವುದು. ಚಂದಾದಾರರು ಜಾಸ್ತಿ ಇಲ್ಲ. ಇರುವವರು ಮಾತ್ರ ಪೆನ್ನು ಹಿಡಿದೇ ಓದುತ್ತಾರೆ, ಒಂದು ಇನಿಷಿಯಲ್ ಆಚೀಚೆ ಆದರೂ ಸಂಪಾದಕರಿಗೆ ಫೋನು.

ಬರೆಯುವ ಮೊದಲು ಹಳೇ ಸಂಚಿಕೆಗಳನ್ನು ತಿರುವಿ ಹಾಕಿದ್ದೆ. ಹೆಚ್ಚುಕಮ್ಮಿ ಎಲ್ಲ ವಂಶಾವಳಿಗಳೂ ಒಂದೇ ಥರ. ಮೂಲಪುರುಷ, ಅವನ ಗಂಡುಮಕ್ಕಳು, ಅವರ ಗಂಡುಮಕ್ಕಳು. ಕೆಳಗೆ ಒಂದು ಸಾಲು, 'ಹೆಣ್ಣುಮಕ್ಕಳು 4'. ಮುಗೀತು. ಕೊಟ್ಟಿಗೆಯ ದನಗಳನ್ನಾದರೂ ಗೌರಿ, ಕಪಿಲೆ ಅಂತ ಹೆಸರು ಹಿಡಿದೇ ಲೆಕ್ಕ ಹೇಳುತ್ತೇವೆ ಅಲ್ವಾ? ನಮ್ಮ ಮನೆಯ ಲೇಖನದಲ್ಲಿ ಆ ಸಾಲು ಇರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಸಿಗುವುದಿಲ್ಲ ಮಾರಾಯ, ಯಾರು ಬರೆದಿಟ್ಟಿದ್ದಾರೆ? ಅರ್ಧ ನಿಜ. ಬಯಲುಸೀಮೆಯ ಮನೆಗಳಿಗೆ ಹೆಳವರು ಎತ್ತಿನ ಮೇಲೆ ಬಂದು ತಲೆಮಾರುಗಳನ್ನು ಒಪ್ಪಿಸುತ್ತಿದ್ದರು, ನಮ್ಮ ಮನೆಗೆ ಹಾಗೆ ಯಾರೂ ಬರುತ್ತಿರಲಿಲ್ಲ. ನಮಗಿರುವುದು ಶ್ರಾದ್ಧದ ದಿನ ಪುರೋಹಿತರು ಹೇಳಿಸುವ ಹೆಸರುಗಳು. ತಂದೆ, ಅಜ್ಜ, ಮುತ್ತಜ್ಜ, ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿ. ಅಂದರೆ ಮನೆಗೆ ಬಂದ ಸೊಸೆಯರ ಹೆಸರು ಮೂರು ತಲೆಮಾರಿನವರೆಗೆ ಉಳಿಯುತ್ತದೆ. ಅದೂ ಮದುವೆಯಲ್ಲಿ ಬದಲಿಸಿದ ಹೆಸರು, ಅವರ ತವರು ಯಾವುದು ಅಂತ ಮಂತ್ರದಲ್ಲಿ ಬರುವುದಿಲ್ಲ. ಮನೆಯಿಂದ ಹೋದ ಹೆಣ್ಣುಮಕ್ಕಳಂತೂ ಈ ಲೆಕ್ಕಕ್ಕೇ ಇಲ್ಲ.

ಅವರು ಸಿಕ್ಕಿದ್ದು ಮುಯ್ಯಿ ಪುಸ್ತಕದಲ್ಲಿ. ಮದುವೆಯಲ್ಲಿ, ಉಪನಯನದಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಡುವ ಪುಸ್ತಕ, ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟಾದರೂ ತಿರುಗಿ ಮಾಡಬೇಕಲ್ಲ. ದುಡ್ಡಿನ ವಿಷಯ, ಆದ್ದರಿಂದ ಯಾರೂ ಉದಾಸೀನ ಮಾಡಿ ಬರೆದಿಲ್ಲ. ಇಂಥ ಊರಿನ ಅಳಿಯ, ಎರಡು ರೂಪಾಯಿ. ಇಂಥ ಊರಿನ ದೊಡ್ಡ ಮಗಳ ಮನೆ, ಒಂದು ಖಣ. ಹೆಸರು ಎಲ್ಲ ಕಡೆ ಇಲ್ಲ, ಆದರೆ ಊರು ಇದೆ, ಸಂಬಂಧ ಇದೆ. ಅಷ್ಟು ಸಿಕ್ಕಿದರೆ ಆ ಊರಿನ ಮನೆಗೆ ಹೋಗಿ ಅವರ ಶ್ರಾದ್ಧದ ಹೆಸರುಗಳನ್ನು ಕೇಳಬಹುದು, ನಮ್ಮಲ್ಲಿ ಸಂಖ್ಯೆಯಾಗಿದ್ದವಳು ಅಲ್ಲಿ ಮುತ್ತಜ್ಜಿಯಾಗಿ ಹೆಸರು ಸಮೇತ ಇರುತ್ತಾಳೆ. ಈ ಎರಡು ದಾಖಲೆ ಜೋಡಿಸುವುದೇ ನನ್ನ ಲೇಖನದ ನಿಜವಾದ ಕೆಲಸ, ಉಳಿದದ್ದೆಲ್ಲ ಪ್ಯಾಕಿಂಗು.

ಕಾಲ ಗೊತ್ತು ಮಾಡುವುದು ಮಾತ್ರ ತಲೆನೋವು. ನಮ್ಮ ಅತಿ ಹಳೇ ಮುಯ್ಯಿ ಪುಸ್ತಕದ ಮೇಲೆ 'ಈಶ್ವರ ಸಂವತ್ಸರದ ವೈಶಾಖ' ಅಂತ ಮಾತ್ರ ಇದೆ, ಶಕವರ್ಷವೂ ಇಲ್ಲ, ಇಸವಿಯೂ ಇಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತದೆ. ಹಾಗಾಗಿ ಅದು 1877 ಆಗಬಹುದು, 1937 ಆಗಬಹುದು. ಚಿಕ್ಕಪ್ಪನಿಗೆ 1877 ಬೇಕು, ಯಾಕೆಂದರೆ ಅದು ಧಾತು, ಈಶ್ವರ ಎರಡು ಸಂವತ್ಸರಗಳಲ್ಲಿ ಬಿದ್ದ ದೊಡ್ಡ ಬರದ ಕಾಲ, ಮೈಸೂರು ಸೀಮೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ನಮ್ಮಲ್ಲಿ ಐದು ದಿನದ ಮದುವೆ ಆಗಿತ್ತು ಅಂತ ಹೇಳಿಕೊಳ್ಳಬಹುದು (ಇದು ಹೇಳಿಕೊಳ್ಳುವ ವಿಷಯವಾ ಅನ್ನುವುದು ಬೇರೆ ಪ್ರಶ್ನೆ). ಆದರೆ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಖರ್ಚಿನ ಲೆಕ್ಕವಿದೆ: ಬೆಲ್ಲ, ತುಪ್ಪ, ವಾಲಗದವರಿಗೆ, ಗ್ಯಾಸ್‌ಲೈಟಿನ (ಅಂದರೆ ಪೆಟ್ರೋಮ್ಯಾಕ್ಸ್ ದೀಪದ) ಬಾಡಿಗೆ. 1877ರಲ್ಲಿ ಮಲೆನಾಡಿನ ಮದುವೆ ಚಪ್ಪರಕ್ಕೆ ಪೆಟ್ರೋಮ್ಯಾಕ್ಸ್ ಎಲ್ಲಿಂದ ಬರಬೇಕು? ಆ ದೀಪವೇ ಇಪ್ಪತ್ತನೇ ಶತಮಾನದ್ದು. 1937 ಅಂತ ಬರೆದೆ, ಕಾರಣವನ್ನೂ ಬರೆದೆ.

ಊರುಗಳ ಕಥೆ ಇನ್ನೊಂದು. ಪಟ್ಟಿಯಲ್ಲಿರುವ ಎಷ್ಟೋ ಊರುಗಳು ಈಗಿನ ಗ್ರಾಮಪಟ್ಟಿಯಲ್ಲಿ ಸಿಗುವುದಿಲ್ಲ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಶರಾವತಿ ಕಣಿವೆಯ ಮನೆಗಳು ಮುಳುಗಿ, ಜನ ಶಿವಮೊಗ್ಗದ ಸುತ್ತಲಿನ ಕಾಡಂಚಿಗೂ ಎಲ್ಲೆಲ್ಲಿಗೋ ಚೆದುರಿದರು. ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟಿದ್ದು ಜಾಸ್ತಿ ಆ ಕಡೆಗೇ. ಹಾಗಾಗಿ ಲೇಖನದಲ್ಲಿ ಪ್ರತಿ ಊರಿನ ಮುಂದೆ ಆಗಿನ ಹೋಬಳಿ, ಮುಳುಗಡೆಯಾಗಿದ್ದರೆ ಆ ಮಾತು, ಆಮೇಲೆ ಕುಟುಂಬ ಹೋಗಿ ನಿಂತ ಊರು, ಮೂರನ್ನೂ ಕೊಟ್ಟಿದ್ದೇನೆ. ಬರೀ ಊರ ಹೆಸರು ಕೊಟ್ಟರೆ ಇನ್ನು ಮೂವತ್ತು ವರ್ಷದ ನಂತರ ಓದುವವನು ಎಲ್ಲಿ ಅಂತ ಹುಡುಕಬೇಕು?

ಈಚಿನ ತಲೆಮಾರಿಗೆ ಬಂದರೆ ಎಲ್ಲಕ್ಕಿಂತ ಒಳ್ಳೆಯ ದಾಖಲೆ ಹಕ್ಕು ಬಿಡುಗಡೆ ಪತ್ರ. ನಗು ಬರುತ್ತದೆ, ಆದರೆ ನಿಜ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು, 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಅಲ್ಲಿಂದ ಈಚೆಗೆ ತೋಟ ಅಣ್ಣತಮ್ಮಂದಿರ ಹೆಸರಿಗೆ ಆಗಬೇಕಾದರೆ ಅಕ್ಕತಂಗಿಯರನ್ನು ಕಾರು ಮಾಡಿಸಿ ಕರೆದುಕೊಂಡು ಬಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿಸುತ್ತಾರೆ. ಆ ಪತ್ರದಲ್ಲಿ ಅವರ ಹೆಸರು, ವಯಸ್ಸು, ಗಂಡನ ಹೆಸರು, ವಾಸದ ಊರು, ಹೆಬ್ಬೆಟ್ಟು ಎಲ್ಲ ಇರುತ್ತದೆ. ಇಷ್ಟು ವರ್ಷ ಸುಮ್ನೆ ಸಂಖ್ಯೆಯಾಗಿದ್ದವರ ಪೂರ್ತಿ ವಿವರ ಮೊದಲ ಸಲ ಕಾಗದಕ್ಕೆ ಬಂದಿದ್ದು ಹಕ್ಕು ಬಿಟ್ಟುಕೊಡುವ ದಿನ. ಈ ವಾಕ್ಯವನ್ನು ಲೇಖನದಲ್ಲೂ ಹಾಕಿದ್ದೇನೆ, ಇರಲಿ ಬಿಡಿ.

ಗೇಣಿ ಮಾಡುತ್ತಿದ್ದ ಮನೆಗಳಿಗೆ ದಾಖಲೆ ಬೇರೆ. ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ನಡೆದ ತಾಲೂಕು ಇದು. 1974ರ ಭೂಸುಧಾರಣೆ ಬಂದಮೇಲೆ ಗೇಣಿದಾರರು ಜಮೀನಿನ ಹಕ್ಕು ಕೇಳಿ ಕೊಟ್ಟ ನಮೂನೆ 7ರ ಅರ್ಜಿಗಳಲ್ಲಿ ಯಾವ ಮನೆ ಯಾವ ಜಮೀನಿನಲ್ಲಿ ಎಷ್ಟು ಕಾಲದಿಂದ ದುಡಿಯಿತು ಅನ್ನುವುದು ಸಿಗುತ್ತದೆ. ಅದನ್ನು ಆ ಮನೆಯವರೇ ಯಾರಾದರೂ ಬರೆದರೆ ನಮ್ಮಂಥವರ ವಂಶಾವಳಿಗಿಂತ ಚೆನ್ನಾಗಿರುತ್ತದೆ.

ಬರೆಯುವ ಕ್ರಮಕ್ಕೆ ಅಮೆರಿಕದ ಬಾಸ್ಟನ್‌ನಿಂದ 1847ರಿಂದ ಬರುತ್ತಿರುವ ಒಂದು ವಂಶಾವಳಿ ಪತ್ರಿಕೆಯ ಪದ್ಧತಿಯನ್ನು ಅನುಸರಿಸಿದೆ. ಅದರಲ್ಲಿ ಗಂಡಾಗಲಿ ಹೆಣ್ಣಾಗಲಿ ಮಕ್ಕಳನ್ನು ಹುಟ್ಟಿದ ಕ್ರಮದಲ್ಲೇ ಬರೆದು ಸಣ್ಣ ರೋಮನ್ ಅಂಕಿ ಹಾಕುತ್ತಾರೆ, ಯಾರ ಸಂಸಾರದ ವಿವರ ಮುಂದೆ ಬರುತ್ತದೋ ಅವರಿಗೆ ಮಾತ್ರ ಇನ್ನೊಂದು ಕ್ರಮಸಂಖ್ಯೆ. ನಾನು ರೋಮನ್ ಬಿಟ್ಟು ಅ, ಆ, ಇ ಹಾಕಿದೆ. ಹೀಗೆ ಬರೆದರೆ ಹೆಣ್ಣುಮಗಳನ್ನು ಬಿಡುವುದು ಕಷ್ಟ, ಬಿಟ್ಟರೆ ಅಕ್ಷರವೇ ತಪ್ಪುತ್ತದೆ. ಹೆಸರು ಸಿಗದ ಕಡೆ ಅಕ್ಷರ ಹಾಕಿ ಗೆರೆ ಎಳೆದಿದ್ದೇನೆ. ಮರದ ಚಿತ್ರ ಬೇಕು ಅಂತ ಮನೆಯವರ ಆಸೆ, ಆದರೆ ಪತ್ರಿಕೆಯ ಪುಟದ ಅಳತೆಗೆ ಅದನ್ನು ಇಳಿಸಿದರೆ ಭೂತಗನ್ನಡಿ ಬೇಕಾಗುತ್ತದೆ. ಡಿಟಿಪಿಯವರಿಗೆ ಎಲ್ಲ ನುಡಿ ಫಾಂಟಿನಲ್ಲೇ ಬೇಕಂತೆ, ಯುನಿಕೋಡಿನಿಂದ ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿದ್ದಕ್ಕೆ ಕಣ್ಣು ಉರಿಯುತ್ತಿದೆ.

ಸಂಜೆ ಚಿಕ್ಕಪ್ಪನ ಫೋನು. ಪೆಟ್ರೋಮ್ಯಾಕ್ಸಿನ ಸಿಟ್ಟು ಇಳಿದಿತ್ತು, ಈಗ ಹೊಸ ಹೆದರಿಕೆ. ಹೆಣ್ಣುಮಕ್ಕಳ ಸಂಸಾರವನ್ನೆಲ್ಲ ಅಚ್ಚು ಹಾಕಿಸಿದರೆ ನಾಳೆ ಅದನ್ನೇ ಹಿಡಿದು ಯಾರಾದರೂ ಪಾಲಿಗೆ ಕೇಸು ಹಾಕಿದರೆ? ಹಾಕುವವರಿಗೆ ನನ್ನ ಲೇಖನ ಬೇಕಾಗಿಲ್ಲ, ನಾಡಕಚೇರಿಯಲ್ಲಿ ವಂಶವೃಕ್ಷ ಸಿಗುತ್ತದೆ ಅಂತ ಹೇಳಿದೆ. ಬದುಕಿರುವವರ ಹೆಸರು, ಜನ್ಮದಿನ, ಸರ್ವೆ ನಂಬರು ಯಾವುದನ್ನೂ ಹಾಕಿಲ್ಲ, ತೀರಿಹೋದವರಿಗೆ ನಿಲ್ಲಿಸಿದ್ದೇನೆ. ಇದು ಅವರಿಗೆ ಹೆದರಿ ಮಾಡಿದ್ದಲ್ಲ, ಬದುಕಿರುವವರನ್ನು ಕೇಳದೆ ಹಾಕಬಾರದು. ಚಿಕ್ಕಪ್ಪ ಹ್ಞೂಂ ಅಂದರು, ಒಪ್ಪಿದರು ಅಂತೇನಲ್ಲ.

ಸಂಪಾದಕರು ಎರಡು ಪುಟ ಕಡಿಮೆ ಮಾಡಿ ಅಂದಿದ್ದಾರೆ, ಹೆಣ್ಣುಮಕ್ಕಳ ಭಾಗವನ್ನು ಬೇಕಾದರೆ ಸಂಕ್ಷೇಪ ಮಾಡಬಹುದು ಅನ್ನುವ ಸಲಹೆಯ ಜೊತೆ. ನಾನು ಪೀಠಿಕೆ ತೆಗೆದೆ. ಕೆಳದಿ ಅರಸರು, ಶಿವಪ್ಪನಾಯಕನ ಶಿಸ್ತು ಅನ್ನುವ ಕಂದಾಯ ಪದ್ಧತಿ, 1763ರಲ್ಲಿ ಬಿದನೂರು ಹೈದರಾಲಿಯ ಕೈಗೆ ಹೋಗಿದ್ದು, ಎಲ್ಲ ಹೋಯಿತು. ಅದು ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ, ನಮ್ಮ ಮನೆಗೂ ಆಸ್ಥಾನಕ್ಕೂ ಸಂಬಂಧ ಇತ್ತು ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಸರಿಯಾಗಿ ಎರಡು ಪುಟ ಆಯಿತು. ನಾಳೆ ಕರೆಂಟು ಇದ್ದರೆ ಕಳಿಸುತ್ತೇನೆ.