ಅವರನ್ನೆಲ್ಲ ಯಾಕೆ ಸಹಿಸ್ಕೋತೀರಿ ಅಂತ ಕೇಳುವವರಿಗೆ

ಭಾನುವಾರ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೊಸಬರಿಗೆ ಹಕ್ಕಿ ತೋರಿಸುವ ಕೆಲಸ ನನ್ನ ತಲೆಗೆ ಬಂದು ವರ್ಷಗಳಾದವು. ಅದರ ಜೊತೆಗೇ ಒಂದು ಪ್ರಶ್ನೆಯೂ ಬಂತು. ಕೇಳುವವರು ಹೊಸಬರಲ್ಲ, ನಮ್ಮ ಗುಂಪಿನ ಹಳಬರೇ. "ಅಲ್ಲ ಮೇಡಂ, ಹಕ್ಕಿ ನೋಡೋಕೆ ಬಂದವರು ಹಾವು, ಬೀದಿನಾಯಿ, ವಾಸ್ತು ಅಂತ ಏನೇನೋ ಕೇಳ್ತಾರೆ. ಅವರನ್ನೆಲ್ಲ ಯಾಕೆ ಸಹಿಸ್ಕೋತೀರಿ? ಮೊದಲೇ ಒಂದು ರೂಲ್ ಮಾಡಿಬಿಡಿ."

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ವಿಷಯ ಬಿಟ್ಟು ಮಾತಾಡುವುದರಲ್ಲಿ ನಿಮ್ಮನ್ನು ಮೀರಿಸುವ ಹೊಸಬರನ್ನು ನಾನಿನ್ನೂ ಕಂಡಿಲ್ಲ. ಹೆಜ್ಜಾರ್ಲೆಗಳು ತಲೆ ಮೇಲೇ ಸುತ್ತುತ್ತಿರುವಾಗ ಲೆನ್ಸಿನ ಬೆಲೆ ಹೇಳಿಕೊಂಡು ನಿಂತವರು ಯಾರು? ನಜರ್‌ಬಾದಿನಲ್ಲಿ ಅಸಲಿ ಮೈಲಾರಿ ದೋಸೆ ಯಾವ ಹೋಟೆಲಿನದು ಎಂಬ ಜಗಳ ಅರ್ಧ ಕೆರೆ ಸುತ್ತುವವರೆಗೂ ನಡೆಯುತ್ತದೆ. ಅದಕ್ಕೆ ರೂಲ್ ಬೇಡ. ಬೈನಾಕ್ಯುಲರ್ ತಿರುಗಾಮುರುಗಾ ಹಿಡಿದ ಹುಡುಗಿಯೊಬ್ಬಳು "ನಮ್ಮನೆ ಗಿಳಿಗೆ ಪುಕ್ಕ ಉದುರ್ತಿದೆ" ಅಂದ ಕೂಡಲೇ ಎಲ್ಲರಿಗೂ ರೂಲ್ ನೆನಪಾಗುತ್ತದೆ. ನಮ್ಮ ಊರಿನ ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದು ಆ ಹುಡುಗಿಗೆ ಗೊತ್ತಿರಲಿಲ್ಲ. ಎಲ್ಲರೆದುರು ಹೇಳಿದ್ದರೆ ಅತ್ತೇಬಿಡುತ್ತಿದ್ದಳು. ಪಕ್ಕಕ್ಕೆ ಕರೆದು ಹೇಳಿದೆ, ಅರಣ್ಯ ಇಲಾಖೆಯವರಿಗೆ ಒಪ್ಪಿಸು ಅಂದೆ. ಅಷ್ಟೇ ಕೆಲಸ.

ಆದರೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಗೂಬೆ ಪ್ರಸಂಗದಲ್ಲಿ.

ಮೊದಲ ಸಲ ಬಂದಿದ್ದ ಒಬ್ಬರು ಅರ್ಧ ದಾರಿವರೆಗೂ ಬಾಯಿ ಬಿಡಲಿಲ್ಲ. ಎಲ್ಲರೂ ಬಣ್ಣದ ಕೊಕ್ಕರೆ ನೋಡುತ್ತಾ ನಿಂತಾಗ, ದೊಡ್ಡ ಕ್ಯಾಮೆರಾ ಹಿಡಿದವರೇ ದೊಡ್ಡ ತಿಳಿವಳಿಕಸ್ಥರು ಅಂದುಕೊಂಡೋ ಏನೋ, ಅವರ ಹತ್ತಿರ ಹೋಗಿ ಕೇಳಿದರು. "ಸಾರ್, ನಮ್ಮ ಅಟ್ಟದಲ್ಲಿ ಗೂಬೆ ಸೇರ್ಕೊಂಡಿದೆ. ಅಮ್ಮ ಮನೆ ಬಿಡೋಣ ಅಂತಿದ್ದಾರೆ. ಎಷ್ಟು ದಿನ ಬಿಡಬೇಕಾಗುತ್ತೆ?"

"ಇದು ಹಕ್ಕಿ ನೋಡೋ ಗುಂಪು ಸ್ವಾಮಿ. ಜ್ಯೋತಿಷ್ಯ ಬೇಕಿದ್ರೆ ಬೇರೆ ಕಡೆ ಕೇಳಿ."

ನಗು. ಆ ಮನುಷ್ಯರೂ ನಕ್ಕರು, ಬೇರೆ ದಾರಿ ಇಲ್ಲದೆ.

ಗೂಬೆ ಯಾವತ್ತಿನಿಂದ ಹಕ್ಕಿ ಅಲ್ಲದೆ ಹೋಯಿತು? ಅವರನ್ನು ಹಿಂದೆ ನಿಲ್ಲಿಸಿಕೊಂಡು ವಿಚಾರಿಸಿದೆ. ಮುಖ ಹೇಗಿದೆ? ಬೆಳ್ಳಗೆ, ಹೃದಯದ ಆಕಾರ. ರಾತ್ರಿ ಸದ್ದು? ಹಾವಿನ ಹಾಗೆ ಬುಸ್ ಬುಸ್ ಅಂತ, ಅಮ್ಮ ಅದಕ್ಕೇ ಜಾಸ್ತಿ ಹೆದರಿದ್ದಾರೆ. ಅಂದರೆ ಕಣಜ ಗೂಬೆ, ಬುಸುಗುಟ್ಟುವುದು ಬಹುಶಃ ಹಸಿದ ಮರಿಗಳು. ಅದು ಮುಖ್ಯವಾಗಿ ತಿನ್ನುವುದು ಇಲಿಯನ್ನು, ಮರಿಗಳು ಸುಮಾರು ಎರಡು ತಿಂಗಳಲ್ಲಿ ಹಾರಲು ಕಲಿಯುತ್ತವೆ, ಅಲ್ಲಿವರೆಗೆ ಟಾರ್ಚ್ ಹಿಡಿದು ಅಟ್ಟ ಹತ್ತಬೇಡಿ ಅಂದೆ. ಇಷ್ಟು ನನಗೆ ಗೊತ್ತಿರುವ ಭಾಗ. ಅಮ್ಮನ ಭಯ ನನ್ನ ಹಕ್ಕಿ ಪುಸ್ತಕಕ್ಕೆ ಬಗ್ಗುವಂಥದ್ದಲ್ಲ. ಅದಕ್ಕೆ, "ಅಮ್ಮ ನಂಬುವ ಪುರೋಹಿತರನ್ನೇ ಕೇಳಿ, ಮನೆ ಬಿಡದೆ ಮಾಡುವ ಶಾಂತಿ ಏನಾದರೂ ಇದೆಯಾ ಅಂತ" ಎಂದೆ. ಮೂಢನಂಬಿಕೆಗೆ ನೀರೆರೆದೆ ಅಂತ ಕೆಲವರು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಎರೆದೆ. ಏನೀಗ? ಮರಿಗಳು ಉಳಿದವು.

ಉಳಿದವು ಅಂತ ಹೇಗೆ ಗೊತ್ತು ಅಂದರೆ, ಅವರೇ ಫೋನ್ ಮಾಡಿ ಹೇಳಿದರು. ಖುಷಿಯಲ್ಲಿದ್ದರು. ಮರಿಗಳು ಒಂದೊಂದೂ ಒಂದೊಂದು ಸೈಜು ಇದ್ದವಲ್ಲ ಯಾಕೆ ಅಂತ ಕೇಳಿದರು. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ, ಮೊದಲು ಹುಟ್ಟಿದ್ದು ಮೊದಲು ಬೆಳೆಯುತ್ತದೆ ಅಂದೆ. ನಮ್ಮ ಹಳಬರಲ್ಲಿ ಎಷ್ಟು ಜನ ಅದನ್ನು ಕಣ್ಣಾರೆ ನೋಡಿದ್ದೀರಿ? ಮತ್ತೆ ಕೆರೆ ಕಡೆ ಬನ್ನಿ ಎಂದು ಕರೆದೆ. "ಇಲ್ಲ ಬಿಡಿ ಮೇಡಂ, ಅಲ್ಲಿ ತಿಳಿದವರು ಬರ್ತಾರೆ" ಅಂದರು.

ಇದನ್ನು ಕೇಳಿ ನನ್ನನ್ನು, ಉತ್ತರ ಹೇಳುತ್ತೇನೆ. ಒಂದು ಭಾನುವಾರ ಬಂದವರು ಇನ್ನೊಂದು ಭಾನುವಾರ ಯಾಕೆ ಬರುವುದಿಲ್ಲ? ಬೆಳಗ್ಗೆ ಬೇಗ ಏಳಲು ಸೋಮಾರಿತನ ಅಂತ ನೀವು ಹೇಳಿಕೊಂಡು ತಿರುಗುತ್ತೀರಿ. ಸೋಮಾರಿಗಳು ಮೊದಲನೇ ಭಾನುವಾರವೂ ಬರುತ್ತಿರಲಿಲ್ಲ. ಜನ ಮೊದಲ ದಿನ ಹಕ್ಕಿ ಹೆಸರು ಕೇಳುವುದಿಲ್ಲ, ಹೆಸರು ಕೇಳಲು ಏನು ಕೇಳಬೇಕು ಅನ್ನುವುದಾದರೂ ಗೊತ್ತಿರಬೇಕಲ್ಲ. ಮನೆಯಲ್ಲಿ ಏನು ಕಾಡುತ್ತಿದೆಯೋ ಅದನ್ನೇ ಹಿಡಿದುಕೊಂಡು ಬರುತ್ತಾರೆ. ಆಗ ನಾವು ಸರ್ಕಾರಿ ಕಚೇರಿಯ ಗುಮಾಸ್ತರ ಹಾಗೆ 'ಈ ಕೌಂಟರ್ ಅಲ್ಲ' ಅನ್ನುತ್ತೇವೆ. ಯಾವ ಕೌಂಟರ್ ಅಂತ ಮಾತ್ರ ಹೇಳುವುದಿಲ್ಲ.

ನಾನೇನು ಎಲ್ಲಕ್ಕೂ ಉತ್ತರ ಕೊಡುತ್ತಾ ಕೂರುವುದಿಲ್ಲ. ಹಾವಿನ ವಿಷಯ ಬಂದರೆ, ಮುಟ್ಟಬೇಡಿ, ದೂರದಿಂದ ಅದು ಎಲ್ಲಿ ಹೋಗುತ್ತದೆ ನೋಡುತ್ತಿರಿ, ಅರಣ್ಯ ಇಲಾಖೆಗೆ ಫೋನ್ ಮಾಡಿ, ಕಚ್ಚಿದ್ದರೆ ಹಗ್ಗ ಬಿಗಿಯದೆ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ನಿಮಿಷದ ಮಾತು. ಅದನ್ನು ಇಲ್ಲಿ ಯಾಕೆ ಕೇಳಬಾರದು ಎಂದು ನೀವು ವಿವರಿಸಲು ತೆಗೆದುಕೊಳ್ಳುವ ಸಮಯದಲ್ಲಿ ಒಂದು ಮಿಂಚುಳ್ಳಿ ಮೀನು ಹಿಡಿದು, ಕೊಂಬೆಗೆ ಬಡಿದು, ನುಂಗಿ ಹಾರಿಹೋಗಿರುತ್ತದೆ. ನಾಯಿಗೆ ಜ್ವರವಾದರೆ ಪಶುವೈದ್ಯರು. ವಾಸ್ತು ಗೊತ್ತಿಲ್ಲ ಅಂತೀನಿ, ಮುಗೀತು. ಸೈಟು ಮಾರಲು ಬರುವವರನ್ನು ಗೇಟಿನಲ್ಲೇ ಸಾಗಹಾಕುತ್ತೇನೆ, ಅವರು ಕೇಳಲು ಬಂದವರಲ್ಲ.

ಇನ್ನು ಬಾಲ್ಕನಿ ಪಾರಿವಾಳ. ಇದೊಂದಕ್ಕೆ ಮಾತ್ರ ನನಗೂ ತಾಳ್ಮೆ ಮುಗಿದಿದೆ. ಆದ್ದರಿಂದ ಇಲ್ಲೇ ಬರೆಯುತ್ತೇನೆ, ಮುಂದಿನ ವಾರ ಯಾರೂ ಕೇಳಬೇಡಿ. ನಾಲ್ಕು ಕಡ್ಡಿ ತಂದಿಟ್ಟ ದಿನವೇ ಗುಡಿಸಿಬಿಡಿ. ಮೊಟ್ಟೆ ಇಟ್ಟಾಗಿದ್ದರೆ ಮುಗೀತು, ಸಾಮಾನ್ಯವಾಗಿ ಎರಡು ಇಡುತ್ತದೆ, ಸುಮಾರು 18 ದಿನ ಕಾವು, ಆಮೇಲೆ ಮರಿ ಹಾರಲು ಹೆಚ್ಚುಕಮ್ಮಿ ಒಂದು ತಿಂಗಳು. ಕಾಯಿರಿ. ಅವು ಹೋದ ಮೇಲೆ ಬಲೆ ಹಾಕಿಸಿ, ಸಂದಿ ಬಿಡದ ಹಾಗೆ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ನೀರು ಹಾಕಿ ನೆನೆಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ.